ಶಾಗ್ಯದಲ್ಲಿ ಹನ್ನೆರಡು ರೀಲು

೪ ಜನವರಿ ೧೯೭೦, ಭಾನುವಾರ. ಕೊಳ್ಳೇಗಾಲ

ನಿನ್ನೆ ಮೈಸೂರಿನ ಡಾಕ್ಟರು ಗಂಟಲೊಳಗೆ ಸಣ್ಣ ಕನ್ನಡಿ ಇಳಿಸಿ ನೋಡಿದರು. ದನಿಯ ತಂತಿಯ ಮೇಲೆ ಒಂದು ಗಂಟು ಬೆಳೆದಿದೆಯಂತೆ. ನೋಡಿದರೆ ಕೆಟ್ಟದ್ದೆನಿಸುವುದಿಲ್ಲ, ತೆಗೆದು ಪರೀಕ್ಷೆ ಮಾಡಿದರೇ ಖಚಿತ ಎಂದರು. ಆಪರೇಷನ್ ಏಪ್ರಿಲ್‌ನಲ್ಲಿ. ಆಮೇಲೆ ದನಿ ಬರುತ್ತದೆಯೇ ಎಂದು ಕೇಳಿದೆ. “ಬರಬಹುದು. ಮೊದಲಿನ ಹಾಗೇ ಬರುತ್ತದೆ ಅಂತ ಬರೆದುಕೊಡಲಾರೆ,” ಎಂದರು. ಅಲ್ಲಿಯವರೆಗೆ ಆದಷ್ಟು ಕಡಿಮೆ ಮಾತಾಡಬೇಕು.

ಇಪ್ಪತ್ತೆರಡು ವರ್ಷದಿಂದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿಯೇ ಬದುಕಿದವಳು. ತರಗತಿಯಲ್ಲಿ ಇನ್ನು ಬರವಣಿಗೆಯ ಕೆಲಸ ಜಾಸ್ತಿ ಕೊಡಬೇಕು. ಮನೆಯಲ್ಲಿ ಏನೂ ತೊಂದರೆಯಿಲ್ಲ. ನಿನ್ನೆ ಸಂಜೆ ಕಂಡಕ್ಟರಿಗೆ “ಕೊಳ್ಳೇಗಾಲ” ಎಂದದ್ದು ಬಿಟ್ಟರೆ ಈ ಹೊತ್ತಿನವರೆಗೆ ಒಂದು ಮಾತೂ ಆಡಿಲ್ಲ. ಇಪ್ಪತ್ತಾರು ಗಂಟೆ. ಅಪ್ಪ ಹೋಗಿ ಎರಡು ವರ್ಷವಾಯಿತು. ಈ ಮನೆಯಲ್ಲಿ ನನ್ನ ದನಿ ಹೋದರೆ ರೇಡಿಯೋಗೂ ಗೊತ್ತಾಗುವುದಿಲ್ಲ.

ಯಾರಿಗೂ ಹೇಳಿಲ್ಲ. ಹೇಳುವಂಥವರು ಯಾರು ಎಂದು ಯೋಚಿಸಿದೆ. ಕೊಯಮತ್ತೂರಿನ ಅಣ್ಣನಿಗೆ ಬರೆಯಬಹುದು. ಅವನು ಇಂಗ್ಲಿಷಿನಲ್ಲಿ, ಟೈಪ್ ಮಾಡಿಸಿ, ಉತ್ತರ ಕಳಿಸುತ್ತಾನೆ.

೭ ಜನವರಿ, ಬುಧವಾರ

ಸಂಜೆ ಸದಾಶಿವಪ್ಪನವರು ಬಂದಿದ್ದರು. ರೇಷ್ಮೆ ಇಲಾಖೆಯ ಅಧಿಕಾರಿ. ಅಪ್ಪನ ಸೀರೆ ಅಂಗಡಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವರು. ಹೋದ ವರ್ಷ ಇಲ್ಲಿ ಆರು ತಿಂಗಳಿದ್ದು ಹುಳು ಸಾಕಣೆಯ ತರಬೇತಿ ಕೊಟ್ಟ ಮೊರಿತಾ ಎಂಬ ಜಪಾನಿನವರು ಊರಿಗೆ ಹೋದ ಮೇಲೆ ಒಂದು ಪೆಟ್ಟಿಗೆ ಕಳಿಸಿದ್ದಾರೆ. ಅದರಲ್ಲಿ ಹನ್ನೆರಡು ರೀಲು. ಅವರ ದೇಶದಲ್ಲಿ ಟೆಲಿವಿಷನ್ನಿನಲ್ಲಿ ವಾರಕ್ಕೊಂದರಂತೆ ಮಕ್ಕಳಿಗೆ ತೋರಿಸುವ ಒಂದೇ ಕಥೆಯ ಕಂತುಗಳು. ನಟರಿಲ್ಲ. ಎಲ್ಲ ಕೈಯಲ್ಲಿ ಬರೆದ ಚಿತ್ರಗಳು, ಒಂದರ ಹಿಂದೊಂದು ಓಡಿ ನಡೆದಾಡುತ್ತವೆ.

“ಹನೂರಿನ ಆಚೆ ಶಾಗ್ಯದಲ್ಲಿ ತರಬೇತಿಗೆ ಹೆಂಗಸರೇ ಬರ್ತಿಲ್ಲ ಮೇಡಂ. ಸಿನಿಮಾ ಅಂದ್ರೆ ಬರ್ತಾರೆ. ಆದ್ರೆ ಅದರ ಮಾತೆಲ್ಲ ಜಪಾನಿ. ಜೊತೆಗೆ ಇಂಗ್ಲಿಷ್ ವಿವರಣೆಯ ಹಾಳೆ ಇದೆ. ನೀವು ಮೈಕಿನಲ್ಲಿ ಕನ್ನಡ ಮಾಡಿ ಹೇಳಿದ್ರೆ...” ಎಂದರು. ಕೊನೆಗೆ ಬೆಂಗಳೂರಿನ ಕಚೇರಿಗೆ ಒಂದು ಅಭಿಪ್ರಾಯವನ್ನೂ ಬರೆದುಕೊಡಬೇಕು: ಕಥೆ ಹೇಳಿರುವ ರೀತಿ ಹೇಗಿದೆ, ಸಂಕೇತಗಳೇನು, ಹಳ್ಳಿಯವರಿಗೆ ಅರ್ಥವಾಯಿತೇ.

ಆಗಲಿ ಎಂದುಬಿಟ್ಟೆ. ಕಡಿಮೆ ಮಾತಾಡಬೇಕಾದವಳು ಮೈಕು ಯಾಕೆ ಒಪ್ಪಿಕೊಂಡೆ? ದನಿ ಹೋಗುವುದಿದ್ದರೆ ಹೋಗುವ ಮುಂಚೆ ಎಲ್ಲಾದರೂ ಖರ್ಚಾಗಲಿ ಎಂದೇ? ಅಥವಾ ಅವರು “ಮೇಡಂ, ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ” ಎಂದರಲ್ಲ, ಅಷ್ಟಕ್ಕೇ ಕರಗಿದೆನೇ? ಎರಡನೆಯದೇ ಇರಬೇಕು.

೧೦ ಜನವರಿ, ಶನಿವಾರ

ಮೊದಲ ರೀಲು. ತರಬೇತಿಯ ಹಾಲ್‌ನ ಕಿಟಕಿಗಳಿಗೆ ಕಂಬಳಿ ಹೊದಿಸಿ ಮಧ್ಯಾಹ್ನ ಎರಡಕ್ಕೆ ಶುರು. ನಾಲ್ಕಕ್ಕೆ ಹೆಂಗಸರು ಮನೆಗೆ ಹೋಗಿ ಹುಳಕ್ಕೆ ಸೊಪ್ಪು ಹಾಕಬೇಕು, ಅದಕ್ಕೇ ಈ ಹೊತ್ತು. ಮೆಷಿನ್ ನಡೆಸುವವರು ನಂಜಯ್ಯ ಎಂಬವರು. ಕಿವಿ ಸ್ವಲ್ಪ ಮಂದ, ಮುಖ ಯಾವಾಗಲೂ ಸಿಟ್ಟು.

ಕಥೆ: ಮಿಯೋ ಎಂಬ ಆರೇಳು ವರ್ಷದ ಹುಡುಗಿ. ಬರಗಾಲದಲ್ಲಿ ತಾಯಿ ಕೂಲಿಗೆಂದು ಬೆಟ್ಟದಾಚೆ ಹೋದವಳು ಬರಲಿಲ್ಲ. ಹುಡುಗಿ ಒಂದು ಮರದ ಬಟ್ಟಲು ಹಿಡಿದು ಹುಡುಕಿಕೊಂಡು ಹೊರಡುತ್ತಾಳೆ. ಹಾಳೆಯ ಪ್ರಕಾರ ಖಾಲಿ ಬಟ್ಟಲು ಮನುಷ್ಯನ ಒಳಗಿನ ಶೂನ್ಯದ ಸಂಕೇತ. ಹಾಗೆಯೇ ಓದಿದೆ.

ಮುಂದಿನ ಚಾಪೆಯಲ್ಲಿ ಸೊಪ್ಪಿನ ಮಂಕರಿ ಪಕ್ಕಕ್ಕಿಟ್ಟು ಕೂತಿದ್ದ ಐವತ್ತರ ಆಸುಪಾಸಿನ ಒಬ್ಬಾಕೆ, ಶಿವನಂಜಮ್ಮ ಎಂದು ಆಮೇಲೆ ತಿಳಿಯಿತು, ಗಟ್ಟಿಯಾಗಿ ಕೇಳಿದಳು: “ಶೂನ್ಯ ಅಂದ್ರೆ ಏನವ್ವ? ಉಣ್ಣಕ್ಕೆ ಇಟ್ಟಿಲ್ಲ ಅಂತ ತಾನೇ?”

ಎಲ್ಲರೂ ನಕ್ಕರು. ನಾನು ಮುಂದೆ ಓದಿದೆ.

“ಕಣ್ಣು ಯಾಕವ್ವ ಅಷ್ಟ್ ದಪ್ಪ ಬರ್ದವ್ರೆ? ದೃಷ್ಟಿ ಆಯ್ತದೆ. ಒಂದ್ ಕಾಡಿಗೆ ಬೊಟ್ಟಾದ್ರೂ ಇಕ್ಕಬಾರ್ದಾ ಆ ಮಗೀಗೆ?”

ಕಥೆ ಹೇಳುವಾಗ ನಡುವೆ ಬಾಯಿ ಹಾಕುವುದು ನನ್ನ ತರಗತಿಯಲ್ಲಿ ನಡೆಯುವುದಿಲ್ಲ. ಇಲ್ಲಿ ಏನು ಮಾಡುವುದೆಂದು ತಿಳಿಯಲಿಲ್ಲ.

ಅಭಿಪ್ರಾಯಕ್ಕೆ ಮೊದಲ ಟಿಪ್ಪಣಿ: ಕಥೆ ನಿಧಾನ. ಬೆಟ್ಟವನ್ನು ಒಂದು ನಿಮಿಷ ಸುಮ್ಮನೆ ತೋರಿಸುತ್ತಾರೆ. ಕೆಟ್ಟವರು ಯಾರೆಂದು ಸ್ಪಷ್ಟವಿಲ್ಲ. ಚಿತ್ರ ಚೆನ್ನಾಗಿದೆ.

೨೪ ಜನವರಿ, ಶನಿವಾರ

ಮೂರನೆಯ ರೀಲು. ಮಿಯೋ ಮಲಗಿದ್ದ ಹಾಳು ಮಂಟಪದ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಹಾಳೆ: ಕಾಗೆ ಬರಲಿರುವ ಸಾವಿನ ಸೂಚನೆ.

“ಅಲ್ಲ ಕಣವ್ವ,” ಶಿವನಂಜಮ್ಮ. “ಅವ್ಳ ಅಜ್ಜಿ ಅದು. ಎಡೆ ಇಕ್ಕೋರಿಲ್ದೆ ಬಂದವ್ಳೆ. ಇನ್ನೊಂದ್ ಗಳಿಗೆ ನೋಡಿ, ಮಗ ತನ್ ಬಟ್ಟಲಿಂದ ಒಂದ್ ಅಗಳು ಆಕ್ತಳೆ.”

ನಿಜವಾಗಿಯೂ ಹಾಕಿದಳು. ಕಾಗೆ ತಿಂದು ಹಾರಿತು. ಹಾಳೆಯಲ್ಲಿ ಇದರ ಬಗ್ಗೆ ಏನೂ ಇರಲಿಲ್ಲ. ಹೆಂಗಸರು ನನ್ನ ಕಡೆ ತಿರುಗಿ ನೋಡಿದರು, ಪರೀಕ್ಷೆಯಲ್ಲಿ ಮಾರ್ಕು ಬಂದ ಹುಡುಗಿಯರ ಹಾಗೆ.

ಹೆಸರನ್ನೂ ಬದಲಾಯಿಸಿದ್ದಾರೆ. ಮಿಯೋ ಎನ್ನುವುದಿಲ್ಲ, ಮಾದಿ ಎನ್ನುತ್ತಾರೆ. ಎರಡು ಸಲ ತಿದ್ದಿದೆ. ಪ್ರಯೋಜನವಿಲ್ಲ.

ನಾನು ಕೊಯಮತ್ತೂರಿನ ಕಾನ್ವೆಂಟಿನಲ್ಲಿ ಓದುವಾಗ, ಆಗ ನಮ್ಮ ತಾಲ್ಲೂಕೂ ಆ ಜಿಲ್ಲೆಗೇ ಸೇರಿತ್ತು, ಸಂಕೇತಗಳಿಗೆ ಒಂದು ನೋಟ್‌ಬುಕ್ ಇತ್ತು. ಎಡಗಡೆ ವಸ್ತು, ಬಲಗಡೆ ಅರ್ಥ. ಗುಲಾಬಿ, ಪ್ರೀತಿ. ಕಾಗೆ, ಸಾವು. ಬಿಳುಪು, ಪರಿಶುದ್ಧತೆ, ಪೂರ್ವ ದೇಶಗಳಲ್ಲಿ ಸಾವು ಎಂದು ಆವರಣದಲ್ಲಿ. ನಾನೂ ನನ್ನ ಹುಡುಗಿಯರಿಗೆ ಹಾಗೆಯೇ ಬರೆಸುತ್ತೇನೆ. ಅವರು ಬಾಯಿಪಾಠ ಮಾಡುತ್ತಾರೆ. ಯಾರೂ “ಅಲ್ಲ ಕಣವ್ವ” ಎಂದದ್ದಿಲ್ಲ.

ಬಸ್ಸಿನಿಂದ ಇಳಿದು ಮನೆಗೆ ಬಂದಾಗ ಐದೂವರೆ. ಇದನ್ನೆಲ್ಲ ಬರೆಯುತ್ತಿರುವುದು ಮಾರನೆಯ ದಿನ, ಭಾನುವಾರ ಸಂಜೆ. ಒಂದು ಮಾತೂ ಆಡದೆ ಇಪ್ಪತ್ತೈದು ಗಂಟೆ.

೭ ಫೆಬ್ರವರಿ, ಶನಿವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಐದನೆಯ ರೀಲು. ಬೆಟ್ಟದ ಮೇಲೆ ಹಿಮ. ಮಿಯೋ ನಡೆದು ನಡೆದು ಒಂದು ಮರದ ಕೆಳಗೆ ಕೂರುತ್ತಾಳೆ. ಬಟ್ಟಲಲ್ಲಿ ಯಾರೋ ಕೊಟ್ಟ ಗಂಜಿ ಇದೆ, ಮುಟ್ಟುವುದಿಲ್ಲ. ಕತ್ತು ಸ್ವಲ್ಪ ಮೇಲಕ್ಕೆತ್ತಿ, ಕಣ್ಣು ಮುಚ್ಚಿ ಕೂತೇ ಇರುತ್ತಾಳೆ. ಹಿಮ ಬೀಳುತ್ತಾ ಭುಜ ಮುಚ್ಚುತ್ತದೆ. ಮಾತಿಲ್ಲ, ಸಂಗೀತವಿಲ್ಲ. ಗಡಿಯಾರ ನೋಡಿದೆ, ಮೂರು ನಿಮಿಷ. ಹಾಳೆಯಲ್ಲಿ ಎರಡೇ ಸಾಲು. ನಾನು ಓದಿದೆ: “ಮಗು ತೀರಿಕೊಂಡಿತು. ಹಿಮದ ಬಿಳುಪು ಸಾವಿನ ಸಂಕೇತ.”

ಓದುವಾಗ ಗಂಟಲು ಕಟ್ಟಿತು. ಗಂಟಿನಿಂದಲೋ ಅಳುವಿನಿಂದಲೋ ಗೊತ್ತಿಲ್ಲ. ಹೆಂಗಸರು ಅಳುತ್ತಾರೆ ಎಂದುಕೊಂಡಿದ್ದೆ. ಒಬ್ಬಳೂ ಅಳಲಿಲ್ಲ.

“ಯಾರವ್ವ ಏಳಿದ್ದು ಸತ್ತೋಯ್ತು ಅಂತ?” ಶಿವನಂಜಮ್ಮ ಎದ್ದೇ ನಿಂತಳು. ಅವಳ ತಲೆಯ ನೆರಳು ಪರದೆಯ ಮೇಲೆ ಬಿತ್ತು. “ತಲೆ ಎತ್ಕಂಡು ಕೂತದೆ, ಕಾಣದಿಲ್ವಾ? ಮೇವು ಬುಟ್ಟದೆ. ಅಲುಗಾಡದಿಲ್ಲ. ಜ್ವರಕ್ಕೆ ಕೂತದೆ ಕಣವ್ವ ಮಗ!”

“ಊಂ, ಜ್ವರಕ್ಕೆ ಕೂತದೆ,” ಎಂದರು ಹಿಂದಿನವರು, ಅದರಲ್ಲಿ ಹೇಳುವಂಥದ್ದೇನಿದೆ ಎನ್ನುವ ಹಾಗೆ.

“ಲೇ ಶಿವನಂಜಿ, ಕುಂತ್ಕ. ಸಿನಿಮಾ ನಿನ್ ಬೆನ್ ಮ್ಯಾಲೆ ಓಡ್ತಾ ಅದೆ,” ಎಂದರು ನಂಜಯ್ಯ.

ರೀಲು ಮುಗಿದ ಮೇಲೆ ಶಿವನಂಜಮ್ಮ ನನ್ನ ಕೈಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದಳು. ಹೊಸ್ತಿಲಲ್ಲಿ ಕೈಕಾಲು ತೊಳೆಸಿ ಒಳಗೆ ಬಿಟ್ಟಳು. ತಟ್ಟೆಗಳ ಮೇಲೆ ಸಾವಿರ ಹುಳು. ಒಂದೂ ಅಲುಗುತ್ತಿರಲಿಲ್ಲ. ಎಲ್ಲವೂ ಮೈಯ ಮುಂಭಾಗವನ್ನು ಎತ್ತಿ, ಪ್ರಾರ್ಥನೆಗೆ ಕೂತ ಹಾಗೆ ಕೂತಿದ್ದವು. ಪೊರೆ ಬಿಡುವ ಮುಂಚೆ ಒಂದು ದಿನ ಹೀಗೆ ಮೇವು ಬಿಟ್ಟು ಕೂರುತ್ತವಂತೆ. ಅದನ್ನೇ ಜ್ವರ ಎನ್ನುತ್ತಾರೆ. ಹಾಗೆ ನಾಲ್ಕು ಸಲ. ಪ್ರತಿ ಸಲವೂ ಎದ್ದಾಗ ಮೊದಲಿಗಿಂತ ದೊಡ್ಡದು. “ಈಗ ಮುಟ್ಟಂಗಿಲ್ಲ, ಸೊಪ್ಪು ಆಕಂಗಿಲ್ಲ. ಸುಮ್ಕೆ ಬುಟ್ಬುಡಬೇಕು.”

ರೇಷ್ಮೆಯ ಮನೆಯಲ್ಲಿ ಹುಟ್ಟಿದವಳು ನಾನು. ಆದರೆ ನಮ್ಮ ಮನೆಗೆ ರೇಷ್ಮೆ ಬರುತ್ತಿದ್ದದ್ದು ಸೀರೆಯಾಗಿ, ಮಡಿಕೆ ಹಾಕಿ. ನಲವತ್ತೈದು ವರ್ಷಕ್ಕೆ ಮೊದಲ ಸಲ ಹುಳು ಕೂತದ್ದನ್ನು ನೋಡಿದೆ.

ಆದರೂ ಹುಡುಗಿ ಹುಳುವಲ್ಲ. ಅವರು ತಮಗೆ ಗೊತ್ತಿದ್ದದ್ದನ್ನು ಕಥೆಗೆ ಅಂಟಿಸುತ್ತಿದ್ದಾರೆ. ಇದನ್ನು ಅಭಿಪ್ರಾಯದಲ್ಲಿ ಬರೆಯಬೇಕು: ಪ್ರೇಕ್ಷಕರು ಕಥೆಯನ್ನು ತಪ್ಪಾಗಿ ತಿಳಿದರು.

೧೪ ಫೆಬ್ರವರಿ, ಶನಿವಾರ

ಆರನೆಯ ರೀಲು ಶುರುವಾಗುತ್ತಲೇ ಮಿಯೋ ಬೆಟ್ಟ ಇಳಿದು ಬರುತ್ತಿದ್ದಾಳೆ. ಹಾಲ್‌ನಲ್ಲಿ ಗಲಾಟೆಯೋ ಗಲಾಟೆ. “ಎದ್ಳು! ಮಾದಿ ಎದ್ಳು! ನಾವ್ ಏಳ್ನಿಲ್ವಾ?”

ನಾನು ಹಾಳೆಯಲ್ಲಿದ್ದದ್ದನ್ನು ಓದಿದೆ. “ಇನ್ನು ಮುಂದೆ ಕಾಣುವುದು ಅವಳ ಆತ್ಮ. ಅವಳು ಸತ್ತಿದ್ದಾಳೆ, ಅದು ಅವಳಿಗೇ ತಿಳಿದಿಲ್ಲ.”

ಆಮೇಲೆ ಶಿವನಂಜಮ್ಮ, ಮಗುವಿಗೆ ತಿಳಿಸಿ ಹೇಳುವ ದನಿಯಲ್ಲಿ: “ಅವ್ವಾ, ಅವ್ಳ ಅಂಗಿ ತೋಳು ನೋಡಿ. ಓದ್ ವಾರ ಮಣಿಕಟ್ ಮುಚ್ತಿತ್ತು. ಈಗ ಮೊಳಕೈತಾವ ಅದೆ. ಬೆಳ್ದವ್ಳೆ. ದಯ್ಯ ಎಲ್ಲಾರಾ ಬೆಳೀತದಾ?”

ಎಲ್ಲರೂ ಹೋದ ಮೇಲೆ ನಂಜಯ್ಯನವರಿಗೆ ಐದನೆಯ ರೀಲಿನ ಕೊನೆ, ಆರನೆಯದರ ಆರಂಭ ಮತ್ತೆ ಹಾಕಲು ಹೇಳಿದೆ. ಗೊಣಗುತ್ತಾ ಹಾಕಿದರು. ಪರದೆಯ ಹತ್ತಿರ ಹೋಗಿ ಬೆರಳಲ್ಲಿ ಅಳೆದೆ. ತೋಳು ನಿಜವಾಗಿಯೂ ಗಿಡ್ಡ.

“ಏನ್ ಮೇಡಂ, ದರ್ಜಿ ಕೆಲ್ಸ ಶುರು ಮಾಡಿದ್ರಾ?” ಎಂದರು ನಂಜಯ್ಯ. ಮೊದಲ ಸಲ ಅವರು ನಕ್ಕದ್ದು ನೋಡಿದೆ.

ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ. ಒಂದು, ಐದನೆಯದನ್ನು ಬರೆದ ಕಲಾವಿದ ಬೇರೆ, ಆರನೆಯದನ್ನು ಬರೆದವನು ಬೇರೆ, ಬರೀ ಅಜಾಗರೂಕತೆ. ಎರಡು, ಬೇಕೆಂದೇ ಮಾಡಿದ್ದಾರೆ. ಬೇಕೆಂದೇ ಮಾಡಿದ್ದರೆ ಇಂಗ್ಲಿಷ್ ಹಾಳೆ ಬರೆದವರು ಅದನ್ನು ಗಮನಿಸಿಲ್ಲ. ನಾನೂ ಗಮನಿಸಲಿಲ್ಲ. ನಾನು ಚಿತ್ರ ನೋಡುತ್ತಲೇ ಇರಲಿಲ್ಲ, ಹಾಳೆ ನೋಡುತ್ತಿದ್ದೆ.

೧೫ ಫೆಬ್ರವರಿ, ಭಾನುವಾರ

ಸದಾಶಿವಪ್ಪನವರ ಬಲವಂತಕ್ಕೆ ಐದು ಮತ್ತು ಆರನೆಯ ರೀಲನ್ನು ಯಳಂದೂರಿನ ಓದಿದವರಿಗೆ ತೋರಿಸಿದೆವು. ಅಲ್ಲಿ ಕುರ್ಚಿ ಹಾಕಿದ್ದರು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ನಿವೃತ್ತ ವಕೀಲರಾದ ಶಿವಯ್ಯನವರು ಎದ್ದು, ಇದು ಸಾವಿನ ನಂತರದ ಆತ್ಮದ ಪಯಣ, ಬಿಳುಪು ಸಾವು, ಬಟ್ಟಲು ಶೂನ್ಯ, ಆದರೆ ಆದಿ ಮಧ್ಯ ಅಂತ್ಯಗಳಿಲ್ಲದ ಕಾರಣ ಕಥೆಯಾಗಿ ದುರ್ಬಲ ಎಂದು ಬಹಳ ಸೊಗಸಾಗಿ ಮಾತಾಡಿದರು. ಎಲ್ಲ ನನ್ನದೇ ಅಭಿಪ್ರಾಯ. ಹೆಚ್ಚುಕಡಿಮೆ ನನ್ನದೇ ಮಾತುಗಳು.

ತೋಳಿನ ವಿಷಯ ಕೇಳಿದೆ. “ತೋಳೇ? ಯಾವ ತೋಳು?” ಎಂದರು.

ನನ್ನ ಅಭಿಪ್ರಾಯ ಇನ್ನೊಬ್ಬರ ಬಾಯಿಂದ ಬಂದಾಗ ಯಾಕಷ್ಟು ಸಣ್ಣದಾಗಿ ಕೇಳಿಸಿತು?

೧೮ ಫೆಬ್ರವರಿ, ಬುಧವಾರ

ಮೊರಿತಾ ಅವರಿಗೆ ಪತ್ರ ಬರೆದೆ. ಒಂದೇ ಪ್ರಶ್ನೆ: ಐದನೆಯ ಕಂತಿನಲ್ಲಿ ಹುಡುಗಿ ಸತ್ತಳೇ? ಬರೆದ ಮೇಲೆ ನಾಚಿಕೆಯಾಯಿತು, ಆದರೂ ಅಂಚೆಗೆ ಹಾಕಿದೆ.

ತರಗತಿಯಲ್ಲಿ ಇವತ್ತು ದನಿ ಎರಡು ಸಲ ಒಡೆಯಿತು. ಹುಡುಗಿಯರು ತಲೆ ತಗ್ಗಿಸಿ ಬರೆದುಕೊಳ್ಳುತ್ತಲೇ ಇದ್ದರು.

೨೮ ಫೆಬ್ರವರಿ, ಶನಿವಾರ

ಎಂಟನೆಯ ರೀಲಿನಲ್ಲಿ ಏನೂ ನಡೆಯುವುದಿಲ್ಲ. ಮಳೆ. ಒಬ್ಬ ಮುದುಕಿಯ ಜಗುಲಿ. ಮುದುಕಿ ತನ್ನ ಒಡೆದ ಪಿಂಗಾಣಿ ಬಟ್ಟಲಿಗೆ ಅಂಟು ಹಚ್ಚಿ ಕೂಡಿಸುತ್ತಾಳೆ, ಮಾದಿ ನೋಡುತ್ತಾ ಕೂರುತ್ತಾಳೆ. ಹಿಪ್ಪುನೇರಳೆ ಗಿಡದ ಮೇಲೆ ಮಳೆ ಬೀಳುತ್ತಲೇ ಇರುತ್ತದೆ. ಕಥೆ ಕಟ್ಟುವ ದೃಷ್ಟಿಯಿಂದ ಇದು ಪೂರ್ತಿ ವ್ಯರ್ಥ ಕಂತು ಎಂದು ಬರೆಯಲು ಪೆನ್ಸಿಲ್ ತೆಗೆದಿದ್ದೆ.

ಹೆಂಗಸರು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

“ಸೊಪ್ಪೆಲ್ಲ ನೆಂದೋಯ್ತಲ್ಲವ್ವ,” ಎಂದಳು ಒಬ್ಬಳು, ಆತಂಕದಿಂದ. “ಒದ್ದೆ ಸೊಪ್ಪು ಆಕುದ್ರೆ ಹುಳ ಸಾಯ್ತವೆ.”

“ಆ ಮುದ್ಕಿಗೆ ಗೊತ್ತಿಲ್ವಾ? ಅದ್ಕೆಯ ಮಳೆ ನಿಲ್ಲಾಗಂಟ ಬ್ಯಾರೆ ಕೆಲ್ಸ ಮಾಡ್ತಾವಳೆ. ಮನ್ಸಲ್ಲಿ ಎಷ್ಟ್ ಭಯ ಇದ್ದಾತು ನೋಡು ಅವ್ಳಿಗೆ.”

ಮತ್ತೆ ಪರದೆ ನೋಡಿದೆ. ಮುದುಕಿ ಬಟ್ಟಲಿಗೆ ಅಂಟು ಹಚ್ಚುತ್ತಾ ಮೂರು ಸಲ ಕತ್ತೆತ್ತಿ ಆಕಾಶ ನೋಡಿದಳು. ಒಳಗೆ, ಕತ್ತಲಲ್ಲಿ, ಹುಳುವಿನ ತಟ್ಟೆಗಳನ್ನು ಬರೆದಿದ್ದರು. ಪೆನ್ಸಿಲ್ ಒಳಗಿಟ್ಟೆ.

ಈಗೀಗ ನಾನು “ಹಾಳೆಯಲ್ಲಿ ಹೀಗೆ ಬರೆದಿದ್ದಾರೆ” ಎಂದು ಸೇರಿಸಿ ಓದುತ್ತೇನೆ. ಅವರು “ಬರ್ಕಳ್ಲಿ ಬುಡಿ” ಎನ್ನುತ್ತಾರೆ.

೧೪ ಮಾರ್ಚ್, ಶನಿವಾರ

ಶಿವರಾತ್ರಿಯ ಸಲುವಾಗಿ ಹೋದ ವಾರ ಚಿತ್ರವಿರಲಿಲ್ಲ. ಒಂಬತ್ತನೆಯ ರೀಲಿಗೆ ನನ್ನ ದನಿ ಮೈಕಿನಲ್ಲಿಯೂ ಗೊರಗೊರ.

ಮುಗಿದ ಮೇಲೆ ಶಿವನಂಜಮ್ಮ ಮೆಣಸು ಬೆಲ್ಲ ಹಾಕಿ ಕುದಿಸಿದ ನೀರು ತಂದು ಕೊಟ್ಟಳು. “ಇದು ನೆಗಡಿ ಗಂಟ್ಲಲ್ಲ. ಎರಡ್ ತಿಂಗ್ಳಿಂದ ನೋಡ್ತಾ ಇವ್ನಿ. ಏನಾಗದೆ ಏಳಿ.”

ಹೇಳಿಬಿಟ್ಟೆ. ಗಂಟು, ಏಪ್ರಿಲ್, ಬರೆದುಕೊಡಲಾರೆ ಎಂದದ್ದು, ಎಲ್ಲ. ಇಪ್ಪತ್ತು ವರ್ಷ ಜೊತೆಯಲ್ಲಿ ಪಾಠ ಹೇಳಿದವರಿಗೆ ಹೇಳದೆ ಅವಳಿಗೆ ಯಾಕೆ ಹೇಳಿದೆ? ಕೇಳಿದಳು, ಅದಕ್ಕಿರಬೇಕು.

ಅವಳು ಅಯ್ಯೋ ಎನ್ನಲಿಲ್ಲ. ದೇವರಿದ್ದಾನೆ ಎನ್ನಲೂ ಇಲ್ಲ. “ಅಂಗಾರೆ ಇಷ್ಟ್ ದಿನ ಮೈಕ್‌ನಲ್ಲಿ ಯಾಕೆ ಅರಚ್ಕತಿದ್ರಿ, ಬುದ್ದಿ ಇಲ್ದೋರಂಗೆ?” ಎಂದು ಬೈದಳು. ಅಪ್ಪನ ನಂತರ ನನ್ನನ್ನು ಯಾರೂ ಬೈದಿರಲಿಲ್ಲ.

೨೦ ಮಾರ್ಚ್, ಶುಕ್ರವಾರ

ಮೊರಿತಾ ಅವರ ಉತ್ತರ ಬಂತು. ತೆಳ್ಳನೆಯ ನೀಲಿ ಕಾಗದ, ಅಚ್ಚುಕಟ್ಟಾದ ಇಂಗ್ಲಿಷ್. ಅವರು ಆ ಚಿತ್ರ ನೋಡಿಯೇ ಇಲ್ಲವಂತೆ! ಅದರಲ್ಲಿ ಹಿಪ್ಪುನೇರಳೆ ಗಿಡ ಬರುತ್ತದೆ ಎಂದು ಎಂಟು ವರ್ಷದ ಮಗಳು ಹೇಳಿದ್ದಕ್ಕೆ ಆರಿಸಿದ್ದು. “ನಿಮ್ಮ ಪ್ರಶ್ನೆಯನ್ನು ಮಗಳಿಗೆ ಕೇಳಿದೆ. ಹುಡುಗಿ ಸತ್ತಳು ಎಂದಳು. ಐದನೆಯ ಕಂತಿನ ದಿನ ಬಹಳ ಅತ್ತು, ಆಮೇಲಿನದನ್ನು ನೋಡಲಿಲ್ಲ. ಕ್ಷಮಿಸಿ, ನನಗೆ ಇಷ್ಟೇ ಗೊತ್ತು.”

ಮೂರು ಸಲ ಓದಿದೆ. ಉತ್ತರ ಬರುವವರೆಗೆ ಅಭಿಪ್ರಾಯ ಬರೆಯಬಾರದೆಂದು ಕಾದಿದ್ದೆ. ಬಂದದ್ದು ಒಂದು ಮಗು ಅತ್ತ ಸುದ್ದಿ.

೨೮ ಮಾರ್ಚ್, ಶನಿವಾರ

ಹನ್ನೊಂದನೆಯ ರೀಲಿನ ನಡುವೆ ದನಿ ನಿಂತಿತು.

ಮಾದಿ ಹೊಳೆ ದಾಟುತ್ತಿದ್ದಳು. ಬಾಯಿ ತೆರೆದೆ, ಗಾಳಿ ಬಂತು, ಅಷ್ಟೇ. ಮತ್ತೆ ಪ್ರಯತ್ನಿಸಿದೆ. ಹಾಲ್‌ನಲ್ಲಿ ಮೆಷಿನ್ನಿನ ಸದ್ದು ಮಾತ್ರ. ಇದೇ ಆ ದಿನ ಎಂದುಕೊಂಡೆ.

ಚಾಪೆಯಿಂದ ಶಿವನಂಜಮ್ಮನ ದನಿ ಎದ್ದಿತು, ಏನೂ ಆಗಿಲ್ಲವೆನ್ನುವ ಹಾಗೆ: “ಈಗ ಮಾದಿ ಒಳೆಗೆ ಇಳಿದ್ಳು. ನೀರು ಮೊಣಕಾಲಗಂಟ ಅದೆ. ಬಟ್ಟಲು ತಲೆ ಮ್ಯಾಲೆ ಇಕ್ಕಂಡ್ಳು, ಜಾಣೆ...” ಕೊನೆಯವರೆಗೂ ಹೇಳಿದಳು. ಮೈಕು ಬೇಕಾಗಲೇ ಇಲ್ಲ.

ಸಂಜೆಗೆ ಪಿಸುಗುಟ್ಟುವಷ್ಟು ಮರಳಿದೆ.

೩೦ ಮಾರ್ಚ್, ಸೋಮವಾರ

ಆಸ್ಪತ್ರೆಯಿಂದ ಕಾರ್ಡು. ಹದಿಮೂರರಂದು ಬೆಳಿಗ್ಗೆ ದಾಖಲಾಗಬೇಕು. ಜೊತೆಗೆ ಒಬ್ಬರು ಕಡ್ಡಾಯ. ಅಣ್ಣನಿಗೆ ಬರೆಯಲು ಕಾಗದ ತೆಗೆದು “ಪ್ರೀತಿಯ” ಎಂದು ಬರೆದು ಹಾಗೇ ಇಟ್ಟಿದ್ದೇನೆ.

೪ ಏಪ್ರಿಲ್, ಶನಿವಾರ

ಹನ್ನೆರಡನೆಯ ರೀಲು.

ಇವತ್ತು ನಾನು ಚಾಪೆಯ ಮೇಲೆ ಕೂತೆ, ಹೆಂಗಸರ ನಡುವೆ. ಯಾರದೋ ಮೊಮ್ಮಗಳು ನನ್ನ ಮಡಿಲಿಗೆ ಕಾಲು ಚಾಚಿ ಮಲಗಿತು. ಶಿವನಂಜಮ್ಮ ಮೈಕಿನ ಮುಂದೆ. ಚಿತ್ರ ಶುರುವಾಗುವ ಮುಂಚೆ ಹಾಳೆಯಲ್ಲಿರುವುದನ್ನು ಅವಳ ಕಿವಿಯಲ್ಲಿ ಹೇಳಿದ್ದೆ: ಆತ್ಮವು ತಾಯಿಯ ಮನೆ ತಲುಪುತ್ತದೆ, ಆದರೆ ತಾಯಿಗೆ ಅದು ಕಾಣಿಸುವುದಿಲ್ಲ. “ಆಯ್ತು, ನೋಡನ,” ಎಂದಿದ್ದಳು.

ತಾಯಿ ಸಿಕ್ಕಳು. ಬೆಟ್ಟದಾಚೆಯ ಊರಿನಲ್ಲಿ, ಒಂದು ಮನೆಯ ಅಂಗಳ ಗುಡಿಸುತ್ತಿದ್ದಳು. ಮಾದಿ ಬೇಲಿಯ ಹತ್ತಿರ ನಿಂತಳು. ತಾಯಿ ತಲೆ ಎತ್ತಿ ನೇರವಾಗಿ ಅವಳ ಕಡೆಗೇ ನೋಡಿದಳು. ನೋಡಿ, ಮತ್ತೆ ಗುಡಿಸತೊಡಗಿದಳು.

ಶಿವನಂಜಮ್ಮ ಮೈಕು ಕೆಳಗಿಟ್ಟಳು. “ಅವ್ವಾ, ನೋಡವ್ವ! ನಿನ್ ಮಗಳೇ ಕಣವ್ವ! ಬೆಳ್ದವ್ಳೆ, ಅದ್ಕೆ ಗುರ್ತು ಸಿಕ್ಕಿಲ್ಲ ನಿಂಗೆ. ಇನ್ನೊಂದ್ ಕಿತ ನೋಡು!”

ಎಲ್ಲರೂ ಕೂಗತೊಡಗಿದರು. “ತೋಳ್ ನೋಡವ್ವ!” “ಬಟ್ಟಲ್ ನೋಡು!” “ಲೇ ಮಾದಿ, ಬಾಯ್ ಬುಟ್ಟು ಕರಿಯೇ!” ಮಂದ ಕಿವಿಯ ನಂಜಯ್ಯನವರೂ ಮೆಷಿನ್ನಿನ ಹಿಂದಿನಿಂದ ಏನೋ ಅಂದರು. ನಾನೂ ಕೂಗಿದೆ. ಬಾಯಿ ಪೂರ್ತಿ ತೆರೆದು, ಎದೆಯಿಂದ ಕೂಗಿದೆ. ಒಂದು ಚೂರೂ ಸದ್ದು ಬರಲಿಲ್ಲ. ಅಷ್ಟು ಗಲಾಟೆಯಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

ತಾಯಿ ಪೊರಕೆ ಗೋಡೆಗೆ ಒರಗಿಸಿ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ತೆರೆದ ಬಾಗಿಲನ್ನೇ ಬಹಳ ಹೊತ್ತು ತೋರಿಸಿದರು. ಮುಗಿಯಿತು.

“ಒಳಕ್ ಕರ್ದವ್ಳೆ,” ಎಂದರು ಕೆಲವರು. “ಇಲ್ಲ, ಮರ್ತವ್ಳೆ,” ಎಂದರು ಕೆಲವರು. ಸೊಪ್ಪು ಹಾಕುವ ಹೊತ್ತು ಮೀರಿದರೂ ಜಗಳ ನಿಲ್ಲಲಿಲ್ಲ. “ನೀವೇನಂತೀರಿ ಮೇಡಮ್ಮ?” ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದು ಕೈ ಆಡಿಸಿದೆ. ಇಷ್ಟು ವರ್ಷದಲ್ಲಿ ಒಂದು ಕಥೆಯ ಬಗ್ಗೆ ಯಾರಿಗಾದರೂ ಹಾಗೆಂದದ್ದು ನೆನಪಿಲ್ಲ.

ಬಸ್ಸಿಗೆ ಹತ್ತಿಸುವಾಗ ಶಿವನಂಜಮ್ಮ ಕೇಳಿದಳು, ಆಸ್ಪತ್ರೆಗೆ ಜೊತೆಗೆ ಯಾರು ಎಂದು. ನಾನು ಬಸ್ಸಿನ ಕಡೆ ತಿರುಗಿದ್ದನ್ನು ನೋಡಿ, “ಗೂಡು ಬಿಡಿಸಿ ಆಯ್ತು. ಇನ್ನೊಂದ್ ಬೆಳೆಗೆ ಹುಳದ ಮೊಟ್ಟೆ ತರಾಕೆ ಅದಿನೈದು ದಿನ ಅದೆ. ನಾನೂ ಮೈಸೂರ್ ನೋಡ್ದಂಗಾಯ್ತದೆ,” ಎಂದಳು.

೮ ಏಪ್ರಿಲ್, ಬುಧವಾರ

ನಿನ್ನೆ ಯುಗಾದಿ. ಇವತ್ತು ಎರಡು ಬರವಣಿಗೆ ಮುಗಿಸಿದೆ.

ಒಂದು, ಬೆಂಗಳೂರಿಗೆ ಅಭಿಪ್ರಾಯ. ಹಳೆಯ ಟಿಪ್ಪಣಿಗಳನ್ನು ಬದಿಗಿಟ್ಟು ಹೊಸದಾಗಿ ಬರೆದೆ. ಕಥೆ ನಿಧಾನವಲ್ಲ, ನೋಡುವುದಕ್ಕೆ ಹೊತ್ತು ಕೊಡುತ್ತದೆ ಎಂದು ಬರೆದೆ. ಸಂಕೇತಗಳ ಪಟ್ಟಿಯನ್ನು ಚಿತ್ರದ ಜೊತೆ ಕಳಿಸಬಾರದೆಂದೂ, ನೋಡುವವರು ಬಟ್ಟಲನ್ನು ಮೊದಲು ಬಟ್ಟಲಾಗಿಯೇ ನೋಡಲಿ ಎಂದೂ ಬರೆದೆ. “ಹಳ್ಳಿಯವರಿಗೆ ಅರ್ಥವಾಯಿತೇ?” ಎನ್ನುವಲ್ಲಿ: “ಅವರಿಗೆ ಆಯಿತು. ನನಗೆ ಇನ್ನೂ ಸ್ವಲ್ಪ ಕಾಲ ಬೇಕು.” ಸದಾಶಿವಪ್ಪನವರು ಓದಿ, “ಇದನ್ನು ಫೈಲಿಗೆ ಹೇಗೆ ಹಾಕಲಿ ಮೇಡಂ?” ಎಂದು ತಲೆ ಕೆರೆದುಕೊಂಡರು. ಆದರೂ ಒಯ್ದರು.

ಎರಡು, ಮೊರಿತಾ ಅವರ ಮಗಳಿಗೆ ಪತ್ರ. ಅವಳ ಅಪ್ಪ ಓದಿ ಹೇಳುತ್ತಾರೆ. ಅಂಗಿಯ ತೋಳಿನ ವಿಷಯ ವಿವರವಾಗಿ ಬರೆದೆ. ಶಾಗ್ಯ ಎಂಬ ಊರಿನ ಅರವತ್ತು ಹೆಂಗಸರು ಹುಡುಗಿ ಬದುಕಿದ್ದಾಳೆಂದು ಹೇಳುತ್ತಾರೆ, ಅವರು ಹುಳು ಸಾಕುವವರು, ಸಾವಿಗೂ ನಿದ್ದೆಗೂ ಇರುವ ವ್ಯತ್ಯಾಸ ಅವರಿಗೆ ದಿನದ ಕೆಲಸ ಎಂದು ಬರೆದೆ. ಆರನೆಯ ಕಂತಿನಿಂದ ನೋಡು ಮಗೂ. ನಾಲ್ಕು ಪುಟವಾಯಿತು. ಇಷ್ಟುದ್ದದ ಕಾಗದ ಯಾರಿಗಾದರೂ ಬರೆದು ಎಷ್ಟು ಕಾಲವಾಯಿತೋ.

೧೩ ಏಪ್ರಿಲ್, ಸೋಮವಾರ. ಮೈಸೂರು, ಆಸ್ಪತ್ರೆ

ನಾಳೆ ಆಪರೇಷನ್. ಆಮೇಲೆ ಮೂರು ವಾರ ಪಿಸುಮಾತೂ ಕೂಡದು. ನರ್ಸು ಒಂದು ಸ್ಲೇಟು ಕೊಟ್ಟಿದ್ದಾರೆ. ಭಯವಿದೆ. ಇದೆ ಎಂದು ಸ್ಲೇಟಿನ ಮೇಲೆ ಬರೆದು ಶಿವನಂಜಮ್ಮನಿಗೆ ತೋರಿಸಿದೆ. ಅವಳಿಗೆ ಓದಲು ಬಾರದು, ಆದರೂ ನೋಡಿ ತಲೆಯಾಡಿಸಿ, “ಇರ್ತದೆ,” ಎಂದಳು.

ಬೆಳಿಗ್ಗೆ ದಾಖಲು ಮಾಡುವ ಕಿಟಕಿಯ ಹತ್ತಿರ ನನ್ನ ಪರವಾಗಿ ಅವಳೇ ಮಾತಾಡಿದಳು.

“ಹೆಸರು?”

“ರತ್ನಮ್ಮ. ಅಲ್ಲ ಅಲ್ಲ, ಶಿವರತ್ನಮ್ಮ.”

“ವಯಸ್ಸು?”

“ನಲ್ವತ್ತು ಬರ್ಕಳಿ ಸಾ.” ನಾನು ಐದು ಬೆರಳು ತೋರಿಸಿದೆ. “ಇರ್ಲಿ ಬುಡಿ,” ಎಂದಳು ನನಗೆ.

“ಕೆಲಸ?”

“ಕತೆ ಏಳದು.” ಗುಮಾಸ್ತ ತಲೆ ಎತ್ತಿದ. “ಇಸ್ಕೂಲಲ್ಲೂ ಏಳ್ತಾರೆ,” ಎಂದು ಸೇರಿಸಿದಳು.

“ಯಾವ ಊರು?”

“ಶಾಗ್ಯ.”

“ನಿಮಗೇನಾಗಬೇಕು ಇವರು?”

ಇದಕ್ಕೆ ಮಾತ್ರ ನನ್ನ ಕಡೆ ತಿರುಗಿ ನೋಡಿದಳು. “ನಮ್ಮೋರು ಸಾ.”

ಗುಮಾಸ್ತ ಎಲ್ಲ ಬರೆದು, ಓದಿಕೊಳ್ಳಿ, ಸರಿಯಿದ್ದರೆ ಸಹಿ ಮಾಡಿ ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದ. ವಯಸ್ಸು ತಪ್ಪು, ಕೆಲಸ ತಪ್ಪು, ಊರು ತಪ್ಪು. ಇಪ್ಪತ್ತೆರಡು ವರ್ಷದಲ್ಲಿ ತಪ್ಪಿರುವ ಹಾಳೆಯನ್ನು ತಿದ್ದದೆ ಮುಂದಕ್ಕೆ ಕಳಿಸಿದವಳಲ್ಲ. ಪೆನ್ನು ತೆಗೆದುಕೊಂಡೆ. ಎರಡು ಸಲ ಓದಿದೆ.

ಕೆಳಗೆ ಸಹಿ ಹಾಕಿದೆ.